ಲೇಬಲ್ಲು

ಬಸ್ಸು ಲೀಮಾ ಮುಟ್ಟಿದಾಗ ಬೆಳಗಿನ ಐದೂವರೆ.
ಹನ್ನೆರಡು ಗಂಟೆ ಕೂತು ಮೊಣಕಾಲು ಕೊರಡಾಗಿತ್ತು.
ಇಲ್ಲಿ ಆಕಾಶವೇ ಇಲ್ಲ, ಅಂದ ವಿಲ್ಬೆರ್. ನಿಜ.
ಯಾರೋ ತೊಳೆಯದ ಪಾತ್ರೆಯ ಮುಚ್ಚಳ
ಊರ ಮೇಲೆ ಬೋರಲು ಹಾಕಿ ಮರೆತ ಹಾಗಿತ್ತು.
ಎಲಿಸೆಯೊ ಮೇಷ್ಟ್ರು ನಮ್ಮನ್ನು ಎಣಿಸಿದರು: ಹತ್ತೊಂಬತ್ತು.
ಮತ್ತೆ ಎಣಿಸಿದರು: ಹದಿನೆಂಟು.
ನೊರ್ಮ ಬಾತ್‌ರೂಮಿಗೆ ಹೋಗಿದ್ದಳು.

ಮ್ಯೂಸಿಯಮ್ಮಿನ ಬಾಗಿಲಲ್ಲೇ ತಿಮಿಂಗಿಲದ ಬೆನ್ನೆಲುಬು,
ಇಕಾದ ಮರಳುಗಾಡಿನಲ್ಲಿ ಸಿಕ್ಕಿದ್ದಂತೆ.
ಮರಳಿನಲ್ಲಿ ತಿಮಿಂಗಿಲ!
ಅಜ್ಜಿಗೆ ಹೇಳಿದರೆ
ಕೋಕಾ ಎಲೆಯನ್ನು ಈ ಕೆನ್ನೆಯಿಂದ ಆ ಕೆನ್ನೆಗೆ ಸರಿಸಿ
'ಹೂಂ, ಪಾಪ, ಬಸ್ಸು ತಪ್ಪಿರಬೇಕು' ಅನ್ನುತ್ತಾಳೆ.

ಗಾಜಿನೊಳಗೆ ಕಾಂಡೋರ್, ರೆಕ್ಕೆ ಬಿಚ್ಚಿ
ದರ್ಜಿಗೆ ಅಳತೆ ಕೊಡುತ್ತ ನಿಂತ ಹಾಗೆ.
ಪಕ್ಕದಲ್ಲಿ ವಿಕುನ್ಯ.
ನಮ್ಮ ಗುಡ್ಡದ್ದು ಮನುಷ್ಯರ ವಾಸನೆಗೇ ಓಟ ಕೀಳುತ್ತದೆ,
ಇದು ಮೂಗಿಗೆ ಮೂಗು ತಾಗುವಷ್ಟು ಹತ್ತಿರ, ಸುಮ್ಮನೆ.
ಅಂಥ ಸ್ನೇಹ ನನಗೆ ಬೇಡವಾಯಿತು.

ಎಲ್ಲರೂ ಡೈನೊಸಾರಿನ ಹಲ್ಲಿನ ಮುಂದೆ ಫೋಟೋಕ್ಕೆ ಓಡಿದರು.
ಡ್ರಾಯರುಗಳ ಕೋಣೆಯಲ್ಲಿ ನಾನೊಬ್ಬಳೇ ಉಳಿದೆ.
ಬಿಳಿ ಕೋಟಿನ ಹೆಂಗಸು 'ನೋಡ್ತೀಯಾ?' ಅಂತ ಒಂದನ್ನು ಎಳೆದಳು.
ಸಾಲು ಸಾಲು ಪತಂಗ, ಬೂದಿ ಬಣ್ಣ,
ಬೆನ್ನಿಗೊಂದೊಂದು ಸೂಜಿ,
ಸೂಜಿಯ ಬುಡದಲ್ಲಿ ಇರುವೆಯಂಥ ಅಕ್ಷರ.
ಏಳನೆಯದನ್ನು ಓದಿದೆ:
ಯಾನಪಂಪ. ೩೯೦೦ ಮೀಟರ್. ಫೆಬ್ರವರಿ ೧೯೩೪.
ದೀಪಕ್ಕೆ ಬಂದದ್ದು.

ಯಾನಪಂಪ ನಮ್ಮೂರು.
ಭೂಪಟದಲ್ಲಿಲ್ಲ, ಬಸ್ಸಿನ ಬೋರ್ಡಿನಲ್ಲಿಲ್ಲ,
ಬ್ಯಾಂಕಿನವಳು 'ಎಲ್ಲಿ?' 'ಎಲ್ಲಿ?' ಅಂತ ಮೂರು ಸಲ ಕೇಳುವ ಊರು.
ಅಜ್ಜಿ ಹುಟ್ಟುವ ಮೊದಲೇ
ಅಲ್ಲಿಂದ ಇಲ್ಲಿಗೆ ಬಂದು ಮಲಗಿದ್ದಾಳೆ ಇವಳು.
ಅವತ್ತು ಯಾರ ಮನೆಯ ದೀಪವೋ.
ಯಾರನ್ನು ಕೇಳುವುದು?

ಮಧ್ಯಾಹ್ನ ಚೀಫದಲ್ಲಿ ಊಟ.
ಕೆಂಪು ಕಾಗದದ ಲಾಟೀನುಗಳು, ಒಂದಕ್ಕೆ ಬಲ್ಬಿಲ್ಲ.
ಒಳಗೆ ಬಾಣಲೆಯಿಂದ ಬೆಂಕಿ ಭಗ್ಗನೆ ಎದ್ದು ಇಣುಕಿ ನೋಡಿತು.
ಮೇಷ್ಟ್ರು ಕಿಸೆಯ ಚೀಟಿ ಬಿಚ್ಚಿ, ಮತ್ತೆ ಮಡಚಿ
'ಇಬ್ಬರಿಗೊಂದು ತಟ್ಟೆ' ಅಂದರು.
ಚೌಫ ಬಂತು, ಹಬೆಯಾಡುವ ಗುಡ್ಡೆ:
ಮೊಟ್ಟೆಯ ಚೂರು, ಈರುಳ್ಳಿ ಸೊಪ್ಪು, ಹೊಗೆಯ ವಾಸನೆ.
ಜೊತೆಗೆ ಹಲ್ಲು ಜುಮ್ಮೆನ್ನುವ ಹಳದಿ ಸೋಡಾ.

'ಇದೇನು ಈ ಘಾಟು?'
'ಕಿಯೋನ್' ಅಂದಳು ಯಜಮಾನಿ, ಸೆನ್ಯೋರ ಲಾವ್.
ಗೊತ್ತಲ್ಲ ಅದು! ಕೆಮ್ಮಿದರೆ ಅಜ್ಜಿ ಚಹಾಕ್ಕೆ ಜಜ್ಜುವ ಶುಂಠಿ.
ನಾವೂ ಕಿಯೋನ್ ಅಂತಲೇ ಅನ್ನುವುದು.
'ಅದು ನಮ್ಮ ಮಾತು, ಮಗು. ನಮ್ಮ ಹಿರಿಯರ ಜೊತೆ ಹಡಗಿನಲ್ಲಿ ಬಂದದ್ದು.'
ಅಯ್ಯೋ, ಹಾಗಾದರೆ ಅಜ್ಜಿ
ಎಪ್ಪತ್ತು ವರ್ಷದಿಂದ ಕೆಮ್ಮು ಬಂದಾಗೆಲ್ಲ
ಚೀನೀ ಮಾತಾಡುತ್ತಿದ್ದಾಳೆ,
ಹೊರಗೆ ಲಾಮಾಗಳು ಕೇಳಿಸಿಕೊಳ್ಳುತ್ತಿವೆ.

ಆಮೇಲೆ ಕರಿದ ವಂತಾನ್.
ಮಡಚಿದ ತೆಳು ರೆಕ್ಕೆ, ಮುದುಡಿದ ಅಂಚು,
ಹುಣಿಸೆಹಣ್ಣಿನ ಸಿಹಿ ಗೊಜ್ಜಿನ ಬಟ್ಟಲ ಸುತ್ತ
ಈಗಷ್ಟೇ ಹಾರಿ ಬಂದು ಕೂತ ಹಾಗೆ.
ಕೈ ಹೋಗಲಿಲ್ಲ.
ವಿಲ್ಬೆರ್ ನನ್ನ ಪಾಲಿಗೂ ಕೈ ಹಾಕಿದ.
ಆಗ ತಿಂದೆ. ಗರಿಗರಿ. ಎರಡು.
ಸುಳ್ಳೇಕೆ, ಐದು.

ಮರುದಿನ ರಾತ್ರಿ ಊರು ಮುಟ್ಟಿದಾಗ ಹಿಮದಂಥ ಚಳಿ.
ಬಾಗಿಲ ಬಲ್ಬು ಹಾಕಿ ಅಜ್ಜಿ ಕಾದಿದ್ದಳು,
ಬಲ್ಬಿಗೆ ಢಿಕ್ಕಿ ಹೊಡೆಯುತ್ತಿತ್ತು ಒಂದೇ ಒಂದು, ಬೂದಿ ಬಣ್ಣದ್ದು.
ಏನು ನೋಡಿದೆಯೇ ಅಲ್ಲಿ, ಹೇಳು, ಅಂದಳು.
ಮೊದಲು ಆ ಲೈಟು ಆರಿಸು, ಅಂದೆ.