ಹತ್ತು ನಿಮಿಷ

ಪೀಣ್ಯ ಎರಡನೇ ಹಂತ. ಶೆಡ್ಡಿನ ಹಿಂದೆ
ಇಪ್ಪತ್ತೆರಡು ಟನ್ನಿನ ಹಳದಿ ಮೈ.
ಮೀಟರು ಹೇಳುವುದು ಆರು ಸಾವಿರ ಗಂಟೆ;
ಪೆಡಲಿನ ರಬ್ಬರು ಸವೆದು ಕಬ್ಬಿಣ ಹಲ್ಲು ಕಿರಿದಿದೆ.
ಯಾರ ಮಾತು ಕೇಳಲಿ?

ಸ್ಕ್ರೂಡ್ರೈವರಿನ ತುದಿ ಪಂಪಿಗೆ, ಹಿಡಿ ಕಿವಿಗೆ.
ಒಳಗೆ ಎಣ್ಣೆ, ಹಾಲು ಉಕ್ಕುವ ಮುಂಚಿನ ಸದ್ದು.
ಪಿನ್ನಿಗೂ ಬುಷ್ಷಿಗೂ ನಡುವೆ ಉಗುರು ತೂರುವಷ್ಟು ಜಾಗ.
ಬರೆದುಕೊಂಡೆ.

ಆಪರೇಟರ್ ದಸ್ತಗೀರ್ ತಾನಾಗಿಯೇ ಅಂದ:
"ಬೆಳಿಗ್ಗೆ ಎಡಕ್ಕೆ ತಿರುಗಲ್ಲ ಮೇಡಂ, ಮುನಿಸು.
ಎಣ್ಣೆ ಬಿಸಿಯಾದ್ಮೇಲೆ ಹೇಳ್ದಂಗೆ ಕೇಳ್ತದೆ.
ಮೆಟ್ರೋ ಗುಂಡೀಲಿ ಬಂಡೆಗೆ ಬಡಿದೂ ಬಡಿದೂ
ನನ್ನ ಸೊಂಟ ಹೋಯ್ತು, ಇದರದ್ದು ಹೋಗಿಲ್ಲ."
ಮಾಲೀಕ ಕೆಮ್ಮಿದ.

ಕಡೆಯ ಪರೀಕ್ಷೆ.
ಬಕೆಟ್ಟಿನ ತುಂಬ ಜಲ್ಲಿ, ತೋಳು ಚಾಚಿ ಮೇಲೆತ್ತಿ
ಎಂಜಿನ್ ಆಫ್.
ಸಿಲಿಂಡರಿನ ರಾಡಿಗೆ ಸೀಮೆಸುಣ್ಣದ ಗೆರೆ.
ಹತ್ತು ನಿಮಿಷ ಯಾರೂ ಮುಟ್ಟುವಂತಿಲ್ಲ.

ಪಕ್ಕದ ಲೇತು ಮಾತ್ರ ತನ್ನ ಪಾಡಿಗೆ ಕಿರುಗುಟ್ಟಿತು.
ಟೀ ಬಂತು, ಆರಿತು.
ಬೂಮಿನ ಮೇಲೊಂದು ಕಾಗೆ ಕೂತು
ತನ್ನ ತೂಕ ಲೆಕ್ಕಕ್ಕೆ ಬೇಡವೆಂಬಂತೆ
ಹಾರಿತು.

ಗೆರೆ ಸರಿದಿತ್ತು, ಹನ್ನೊಂದು ಮಿಲಿಮೀಟರು.
ಸದ್ದಿಲ್ಲದೆ, ನೋಡುತ್ತಿದ್ದ ಕಣ್ಣಿಗೂ ಕಾಣದೆ,
ಯಾರೂ ದೂರು ಕೊಡಲಾಗದ ವೇಗದಲ್ಲಿ.

'ಭರವಸೆ: ಹತ್ತಕ್ಕೆ ಎಷ್ಟು' ಎಂಬಲ್ಲಿ ಪೆನ್ನು ನಿಂತಿತು.
ಅತ್ತ ದಸ್ತಗೀರ್, ಎರಡೂ ಕೈ ಸೊಂಟಕ್ಕೆ ಕೊಟ್ಟು,
ಟ್ರ್ಯಾಕಿನ ಪಟ್ಟಿಯ ಮೇಲೆ ಕೂರುತ್ತಿದ್ದ,
ಇಷ್ಟಿಷ್ಟೇ
ಇಳಿಯುತ್ತಾ.

ಏಳು, ಎಂದು ಬರೆದೆ.
ಸೀಲು ಬದಲಿಸಿದರೆ ಇನ್ನೂ ಹತ್ತು ವರ್ಷ ದುಡಿಯುತ್ತದೆ,
ಎಂದೂ ಬರೆದೆ.
ಕಾಲಮ್ಮು ಇದ್ದದ್ದು ಯಂತ್ರಕ್ಕೆ.