ಐದನೇ ಮೆಟ್ಟಿಲು

ಬಾಗಿಲು ಎಸ್ಟೋನಿಯದಲ್ಲಿ, ಒಳಗಿನ ಕತ್ತಲು ಲಾಟ್ವಿಯದಲ್ಲಿ.
ಟೇಪು ಹಿಡಿದು ನೆಲಮಾಳಿಗೆ ಅಳೆಯಲು ಬಂದ ಪುರಸಭೆಯ ಹುಡುಗ
ಐದನೇ ಮೆಟ್ಟಿಲಲ್ಲಿ ತಡೆದು ನಿಂತ:
'ಇಲ್ಲಿಂದಾಚೆ ನನ್ನ ಅಧಿಕಾರವಿಲ್ಲ, ಅಜ್ಜಿ.'
ಬೀಳುವ ಬಾಂಬಿಗೂ ಹಾಗೇ ಹೇಳಪ್ಪಾ, ಎಂದೆ.
ನಗಲಿಲ್ಲ. ಬರೆದುಕೊಂಡ: ಹನ್ನೊಂದು ಜನ ಹಿಡಿಸುತ್ತಾರೆ.

ಆಲೂಗಡ್ಡೆ ಯಾಜೆಪ್ಸನದು, ಬೀಗ ನನ್ನದು.
ಅವನಂಗಳಕ್ಕೂ ನನ್ನಂಗಳಕ್ಕೂ ನಡುವೆ
ಹಸು ದಾಟುವಷ್ಟು ಒಂದು ತೊರೆ,
ಹದಿನಾರು ವರ್ಷ ಅದರ ಮೇಲೊಂದು ತಂತಿಬೇಲಿ.
ಆಗ ಪಾಸ್‌ಪೋರ್ಟು ಬೇಡದಿದ್ದದ್ದು ಅವನ ಬೆಕ್ಕಿಗೊಂದಕ್ಕೇ.
ಬೇಲಿ ಕಿತ್ತ ಡಿಸೆಂಬರಿನಲ್ಲಿ ಎಲ್ಲರೂ ಹಾಡುತ್ತಿದ್ದರು.
ನಾನು ಎರಡು ಮಾರು ತಂತಿ ಎಳೆದುಕೊಂಡು ಬಂದೆ;
ಇವತ್ತಿಗೂ ಟೊಮೇಟೊ ಗಿಡಗಳು ಅದಕ್ಕೇ ಒರಗಿ ನಿಂತಿವೆ.

ಆಮೇಲೆ ನಾಣ್ಯವೂ ಒಂದಾಯಿತು.
ಅವನದರ ಬೆನ್ನಿಗೆ ಜಡೆಯ ಹುಡುಗಿ,
ನನ್ನದರ ಬೆನ್ನಿಗೆ ನಕ್ಷೆ.
ರೊಟ್ಟಿಯಂಗಡಿಯವಳು ಬೆನ್ನು ನೋಡುವುದಿಲ್ಲ.

ಈಗ ಚೀಟಿ ಬಂದಿದೆ: ಮೂರು ದಿನದ ನೀರು,
ಮೇಣದಬತ್ತಿ, ಬೆಂಕಿಪೊಟ್ಟಣ, ಗುಳಿಗೆ.
ಸಮುದ್ರದಾಚೆಯ ದೊಡ್ಡಣ್ಣ ಈ ಸಲ ಬರುವನೋ ಇಲ್ಲವೋ
ರೇಡಿಯೋ ದಿನಕ್ಕೊಂದು ಹೇಳುತ್ತದೆ.
ನಾವು ಕಸಬರಿಗೆ ತೆಗೆದುಕೊಂಡೆವು.

ನಾಚಿಕೆಯ ಮಾತು, ಆದರೂ ಹೇಳುತ್ತೇನೆ:
ಯಾರಿಗೆ ಹೆದರಿ ಗುಡಿಸುತ್ತಿದ್ದೇವೋ
ಅವರ ಭಾಷೆಯಲ್ಲೇ ನಾವಿಬ್ಬರೂ ಮಾತಾಡುವುದು.
ಕೆಂಪು ಕೊರಳಪಟ್ಟಿ ಕಟ್ಟಿ, ಬೆರಳ ಗೆಣ್ಣಿಗೆ ಸ್ಕೇಲು ಬಡಿದು
ಕಲಿಸಿದ ರಷ್ಯನ್ನು; ಬೇರೆ ಕಾಲುಸಂಕ ಇರಲಿಲ್ಲ.
ನನ್ನ ನುಡಿ ಅವನಿಗೆ ಕಪ್ಪೆ ವಟಗುಟ್ಟಿದ ಹಾಗೆ.
ಅವನದು ನನಗೆ, ಉಕ್ಕಿ ಒಲೆಗೆ ಬಿದ್ದ ಹಾಲು: ಬರೀ ಸ್, ಸ್.
ಜಗಳ, ಸಾಲ, ಅವನ ಹೆಂಡತಿಯ ಸಾವು,
ಎಲ್ಲವನ್ನೂ ಆಡಿಕೊಂಡದ್ದು ಆ ಎರವಲು ಬಾಯಲ್ಲಿ.
ಬೈಗುಳ ಮಾತ್ರ ಅವರವರದು.

ನಿನ್ನೆ ಗೋಣಿಗಳಿಗೆ ಹೆಸರು ಬರೆಯುವಾಗ
ಪೆನ್ನು ಕಚ್ಚಿಕೊಂಡು ಕೇಳಿದ:
'ಹೆಲ್ವೆ, ನಾಳೆ ಇಲ್ಲಿ ಯಾರ್ಯಾರೋ ಇಳಿದು ಬರುತ್ತಾರೆ.
ಯಾವ ಭಾಷೆಯಲ್ಲಿ ಬರೆಯಲಿ?
ನಿಮ್ಮಲ್ಲಿ ಏನಂತೀರಿ ಇದಕ್ಕೆ?'
ಕಾರ್ತುಲ್, ಎಂದೆ.
'ನಮ್ಮಲ್ಲಿ ಕಾರ್ತುಪೆಲಿಸ್.'
ಇಬ್ಬರೂ ಒಂದು ಗಳಿಗೆ ಸುಮ್ಮನಾದೆವು.
ಒಂದೇ ಮಣ್ಣಿನದು ಎಪ್ಪತ್ತು ವರ್ಷ ಉಂಡು
ಅರ್ಧ ಪದ ಒಂದೇ ಎಂದು ಕಿವಿಗೆ ಬಿದ್ದದ್ದು ಈಗ.

ಅಷ್ಟನ್ನೇ ಬರೆದ, ದಪ್ಪಕ್ಷರದಲ್ಲಿ: ಕಾರ್ತು.
ಮುಂದೆ ಏನು ಸೇರಿಸಬೇಕೆಂದು ನಾವು ವಾದಕ್ಕಿಳಿದಾಗ
ಆ ಹಳೆಯ ಬೆಕ್ಕಿನ ಮರಿಮಗ
ಮಸಿ ಆರುವ ಮೊದಲೇ ಗೋಣಿ ಹತ್ತಿ ಮಲಗಿತು.
ಲೆಕ್ಕಕ್ಕೆ ಹನ್ನೆರಡನೆಯವ.