ಹತ್ತು ಮೊಳ

ಬಾಟಲಿ ಬಂದದ್ದು ಶುಕ್ರವಾರ, ಜುಮ್ಮಾ ಮುಗಿದ ಮೇಲೆ.
ಮುತವಲ್ಲಿ ಖುದ್ದೂಸ್ ಸಾಬರು ಕರ್ಚೀಫಿನಲ್ಲಿ ಸುತ್ತಿ ತಂದಿದ್ದರು,
ಒಳಗೆ ಝಮ್ ಝಮ್ ಇದೆಯೇನೋ ಅನ್ನುವಂತೆ.
"ನೋಡಮ್ಮಾ, ಇದು ಬೆಂಗಳೂರಿನ ಕಕ್ಕಸು ನೀರು ಅಂತಾರೆ ಹುಡುಗರು.
ವುಜೂ ಆಗತ್ತಾ, ಆಗಲ್ವಾ, ನಿನ್ನ ಮಿಷಿನ್ ಹೇಳಲಿ."

ಮಿಷಿನ್ ಹಾಗೆಲ್ಲ ಹೇಳುವುದಿಲ್ಲ.
ಅದಕ್ಕೆ ನೈಟ್ರೇಟು ಗೊತ್ತು, ಗಡಸು ಗೊತ್ತು,
ಕಲಕು ಗೊತ್ತು. ನಮಾಜು ಗೊತ್ತಿಲ್ಲ.
ಚೀಟಿ ಅಂಟಿಸಿದೆ: ಕೋಲಾರ, ಕ್ಲಾಕ್ ಟವರ್ ಹಿಂದಿನ ಮಸೀದಿ,
ಮಾದರಿ ನಲವತ್ತೊಂದು.

ಈ ಊರಿಗೆ ನೀರಿನ ಮಡಿ ಹೊಸದು.
ಸಾವಿರದೈನೂರು ಅಡಿ ಕೊರೆದರೂ ಬರೀ ಧೂಳೆದ್ದ ವರ್ಷ
ಅಬ್ಬಾ ಹೌಜಿನ ಒಣ ತಳದಲ್ಲಿ ಕೂತು
ಮಣ್ಣಿಗೆ ಅಂಗೈ ಒತ್ತಿ ಮುಖಕ್ಕೆ ಸವರಿಕೊಂಡದ್ದು ನೋಡಿದ್ದೇನೆ.
"ನೀರಿಲ್ಲದವನಿಗೆ ಮಣ್ಣೇ ನೀರು," ಅಂದಿದ್ದರು,
"ದೀನ್ ಕಷ್ಟ ಅಲ್ಲ ಮಗಳೇ, ನಾವು ಕಷ್ಟ."
ಹಣೆಯ ಮೇಲಿನ ಕೆಂಪು ಸಂಜೆವರೆಗೂ ಹಾಗೇ ಇತ್ತು.

ಆಮೇಲೆ ಪೈಪು ಬಂತು. ಕೆರೆ ತುಂಬಿತು.
ಸತ್ತ ಬೋರು ಕೆಮ್ಮಿ, ಉಗುಳಿ, ಹರಿಯಿತು.
ಅಂತರಗಂಗೆಯ ಬಸವನ ಬಾಯಿಂದ ಬೀಳುವುದು
ಎಲ್ಲಿಂದ ಬಂತೆಂದು ಯಾರೂ ಕೇಳಿದವರಿಲ್ಲ;
ಇದನ್ನು ಮಾತ್ರ ಎಲ್ಲರೂ ಕೇಳಿದರು.

ವರದಿಗೆ ಹಜರತ್ ತಾವೇ ಬಂದರು.
ಕನ್ನಡಕ ಒರೆಸಿ, ಅಂಕಿಗೊಂದೊಂದು ಬೆರಳಿಟ್ಟು ಓದಿ, ಮಡಿಚಿ
ಮೂರೇ ಮಾತು ಕೇಳಿದರು: ಬಣ್ಣ? ವಾಸನೆ? ರುಚಿ?
"ಬಣ್ಣ ಇಲ್ಲ, ವಾಸನೆ ಇಲ್ಲ. ರುಚಿ ನಾನು ನೋಡಿಲ್ಲ."
ಅವರು ನೋಡಿದರು.
ಬಾಟಲಿ ಎತ್ತಿ, ಬಿಸ್ಮಿಲ್ಲಾ ಅಂದು, ಒಂದು ಗುಟುಕು.
ನನ್ನ ಎದೆ ಧಸಕ್ಕೆಂದಿತು: ಕುಡಿಯಲು ಯೋಗ್ಯವಲ್ಲ ಎಂದು
ಎರಡನೇ ಪುಟದಲ್ಲಿ ಬರೆದಿದ್ದೆ.

"ಸಪ್ಪೆ. ನೀರೇ.
ಹತ್ತು ಮೊಳ ಉದ್ದ, ಹತ್ತು ಮೊಳ ಅಗಲದ ಹೌಜು
ಹೊಲಸನ್ನು ನುಂಗಿಕೊಳ್ಳತ್ತೆ ಅಂತ ಬರೆದವರು
ಮೋಟಾರು ಕಂಡಿರಲಿಲ್ಲ. ಆದರೂ
ಬಾಗಿಲು ಬಿಟ್ಟು ಹೋಗಿದಾರೆ."

ಬಾಗಿಲು ಅಂದರಲ್ಲ, ಅದಕ್ಕೇ ಬಾಯಿಬಿಟ್ಟೆ.

"ಹಜರತ್, ಅಬ್ಬಾ ಹೋಗಿ ಎಂಟು ತಿಂಗಳು.
ಮನೆ ಮೂರು ಪಾಲು: ಅಣ್ಣನಿಗೆ ಎರಡು, ನನಗೆ ಒಂದು.
ಗಂಡು ಸಾಕುತ್ತಾನೆ, ಅದಕ್ಕೆ ಎರಡು. ಹೌದಲ್ಲವೇ?
ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಆಟೋ ಹಿಡಿದವಳು ನಾನು.
ಅಣ್ಣ ದಮ್ಮಾಮಿನಿಂದ ಫೋನಿನಲ್ಲಿ ಅತ್ತ.
ಆ ಸಾಕುವುದರ ಬಣ್ಣ ಬದಲಾಗಿದೆ, ವಾಸನೆ ಬದಲಾಗಿದೆ.
ರುಚಿ ನಾನು ನೋಡಿದ್ದೇನೆ."

ಫ್ಯಾನು ತಿರುಗುತ್ತಿತ್ತು, ವರದಿಯ ಮೂಲೆ ಏಳುತ್ತಿತ್ತು.
ಅವರು ಅದರ ಮೇಲೆ ಟೋಪಿ ಇಟ್ಟರು.

"ಮೊಳ ಮನುಷ್ಯರು ಹಾಕಿದ್ದಮ್ಮಾ. ಪಾಲು ಅವನು ಎಣಿಸಿದ್ದು.
ಅಲ್ಲಿ ಕೈಯಿಡಲು ನನಗೆ ಭಯ."
ತುಸು ತಡೆದು, "ನಿನ್ನ ಅಣ್ಣ ಸಮ ಹಂಚಿದರೆ
ಶರೀಅತ್ ಅವನ ಕೈ ಹಿಡಿಯಲ್ಲ."
"ಹಿಡಿದು ಕೊಡಿಸುವುದೂ ಇಲ್ಲ," ಅಂದೆ.
"ಇಲ್ಲ," ಅಂದರು.
ಚಪ್ಪಲಿ ಮೆಟ್ಟುತ್ತಾ ಇನ್ನೊಮ್ಮೆ ಅಂದರು, ತಮಗೇ: ಇಲ್ಲ.
ಗೇಟಿನಿಂದ ತಿರುಗಿ, "ಕಿತಾಬು ನೋಡ್ತೀನಿ."

ಅಂದಿನಿಂದ ಹೌಜು ತುಂಬಿದೆ.
ಸಾಲಾಗಿ ಕೂತು ಮೊಣಕೈವರೆಗೆ ತೊಳೆಯುವ ಸದ್ದು
ರಸ್ತೆಯವರೆಗೂ ಕೇಳುತ್ತದೆ.
ನಾನು ಒಳಗೆ ಹೋಗುವ ಹಾಗಿಲ್ಲ;
ನನ್ನ ಸಹಿ ಅಲ್ಲಿ ನೋಟೀಸು ಬೋರ್ಡಿನಲ್ಲಿದೆ, ಠಸ್ಸೆ ಸಮೇತ.

ಮಾದರಿ ನಲವತ್ತೊಂದನ್ನು ನಿಯಮದಂತೆ ಎಂದೋ ಚೆಲ್ಲಬೇಕಿತ್ತು.
ಕಿಟಕಿಯಲ್ಲಿಟ್ಟಿದ್ದೇನೆ.
ಕೆರೆ ಎರಡು ಸಲ ಕೋಡಿ ಬಿತ್ತು. ಅಣ್ಣನ ವಕೀಲ ಎರಡು ಸಲ ಬಂದ.
ಹಜರತ್ ಇನ್ನೂ ಕಿತಾಬು ನೋಡುತ್ತಿದ್ದಾರೆ;
ಇಶಾ ಮುಗಿದ ಎಷ್ಟೋ ಹೊತ್ತಿಗೂ ಅವರ ಕೋಣೆಯ ದೀಪ ಆರಿರುವುದಿಲ್ಲ.

ಬೆಳಿಗ್ಗೆ ಬೀಗ ತೆಗೆದವಳೇ
ಮುಚ್ಚಳ ತಿರುವಿ ಮೂಸುತ್ತೇನೆ, ಬೆಳಕಿಗೆ ಹಿಡಿಯುತ್ತೇನೆ.
ತಳದಲ್ಲೊಂದು ಹಸಿರು ಗೆರೆ,
ಕೂದಲೆಳೆಯಷ್ಟು.